ನೇವಿ ಬಿಟ್ಟು ಉಪಗ್ರಹ ಚಿತ್ರ ಓದುವ ಕೆಲಸಕ್ಕೆ: ಕಾಗದ, ಕಾಯುವಿಕೆ, ಪರೀಕ್ಷೆ

ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಗಿರುವ ಪತ್ರ ಮೊನ್ನೆ ಕೈಗೆ ಬಂತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ರಿಲೀಸ್ ಹತ್ತಿರ ಬಂದಿರುವ ನಮ್ಮ ಹುಡುಗರು ಫೋನ್ ಮಾಡಿದಾಗೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಬ್ಯಾಂಕ್ ಗಾರ್ಡ್, ಸೆಕ್ಯುರಿಟಿ ಸೂಪರ್‌ವೈಸರ್ ಬಿಟ್ಟು ಬೇರೆ ಏನಾದ್ರೂ ಸಿಗುತ್ತಾ?" ಸಿಗುತ್ತದೆ. ನನಗೆ ಸಿಕ್ಕಿದ್ದು ಇಮೇಜರಿ ಅನಾಲಿಸ್ಟ್ ಕೆಲಸ. ಉಪಗ್ರಹ ಮತ್ತು ಡ್ರೋನ್ ಮೇಲಿನಿಂದ ತೆಗೆದ ಚಿತ್ರ ನೋಡಿ, ಅಲ್ಲಿ ಏನಿದೆ, ಕಳೆದ ಸಲಕ್ಕಿಂತ ಏನು ಬದಲಾಗಿದೆ ಅಂತ ಬರೆದುಕೊಡುವುದು. ಕೆಲಸ ಕಷ್ಟ ಅಲ್ಲ ಅಂತ ಹೇಳಲ್ಲ. ಆದರೆ ಕೆಲಸ ಕಲಿಯುವುದಕ್ಕಿಂತ, ಆ ಕೆಲಸಕ್ಕೆ ನಾನು ಯೋಗ್ಯ ಅಂತ ಕಾಗದದಲ್ಲಿ ತೋರಿಸುವುದು ಜಾಸ್ತಿ ಕಷ್ಟ ಆಯ್ತು.

ನಾನು ಎಸ್‌ಎಸ್‌ಆರ್, ಅಂದರೆ ಪಿಯುಸಿ ಮುಗಿಸಿ ಸೇರುವ ಸೇಲರ್ ಆಗಿ ನೇವಿಗೆ ಸೇರಿದವನು. ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ಬೇಸಿಕ್ ಟ್ರೇನಿಂಗ್, ಆಮೇಲೆ ಆರ್‌ಪಿ ಬ್ರಾಂಚ್, ಅಂದರೆ ರೇಡಾರ್ ಪ್ಲಾಟರ್. 15 ವರ್ಷದಲ್ಲಿ ಬಹುಪಾಲು ಹಡಗಿನ ಆಪ್ಸ್ ರೂಮಿನಲ್ಲೇ ಕಳೆಯಿತು. ಕತ್ತಲೆ, ಏಸಿ ಚಳಿ, ಮುಂದೊಂದು ಸ್ಕ್ರೀನ್. ಅದರಲ್ಲಿ ಚುಕ್ಕೆ ಬಂದರೆ ಅದು ಯಾವುದು, ಯಾವ ಕಡೆ ಹೋಗುತ್ತಿದೆ, ನಮ್ಮ ಹತ್ತಿರ ಎಷ್ಟು ಬರುತ್ತದೆ ಅಂತ ಹೇಳಬೇಕು. ಕೊನೆಯ ಪೋಸ್ಟಿಂಗ್ ಕಾರವಾರ. ಪೆಟಿ ಆಫೀಸರ್ ಆಗಿ ಹೊರಗೆ ಬಂದೆ. ರೀ-ಎಂಗೇಜ್‌ಮೆಂಟ್, ಅಂದರೆ ಸೇವೆಯ ಮುಂದುವರಿಕೆ ತಗೋಬಹುದಿತ್ತು. ಮಗಳು ಮೂರು ವರ್ಷಕ್ಕೊಂದು ಶಾಲೆ ಬದಲಾಯಿಸಿ ಸುಸ್ತಾಗಿದ್ದಳು, ಊರಲ್ಲಿ ಅಮ್ಮ ಒಬ್ಬರೇ ಇದ್ದರು. ಸಾಕು ಅನ್ನಿಸಿತು.

ಮೊದಲು ಕಾಗದದ ವಿಷಯ. ಬೇಜಾರಿನ ಭಾಗ, ಆದರೂ ದಯವಿಟ್ಟು ಓದಿ.

ನಾವು ಹಾವೇರಿ ಕಡೆಯವರು. ನಮ್ಮಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು ಬಂದಿದೆ. ಸರ್ವಿಸ್ ದಾಖಲೆಯಲ್ಲಿ ಅಪ್ಪನ ಹೆಸರು ಬರೀ ಒಂದು ಇನಿಷಿಯಲ್. ಆಧಾರ್‌ನಲ್ಲಿ ಮೂರೂ ಪೂರ್ತಿ, ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರೇ ಇಲ್ಲ. ಸರ್ವಿಸ್‌ನಲ್ಲಿ ಇದ್ದಷ್ಟು ದಿನ ಇದು ಯಾರಿಗೂ ತೊಂದರೆ ಕೊಡಲಿಲ್ಲ. ಅಲ್ಲಿ ನಾವು ನಂಬರ್ ತಾನೇ. ಹೊರಗೆ ಬಂದ ಮೇಲೆ ಪೆನ್ಷನ್, ಬ್ಯಾಂಕ್, ಕಂಪನಿ ಎಲ್ಲರೂ ನಾಲ್ಕು ಕಾಗದ ಪಕ್ಕಪಕ್ಕ ಇಟ್ಟು "ಇವರು ನಾಲ್ಕೂ ಜನ ನೀವೇನಾ?" ಅಂತ ಕೇಳುವವರೇ. ಅಫಿಡವಿಟ್, ನೋಟರಿ, ಎರಡು ಪತ್ರಿಕೆಯಲ್ಲಿ ಜಾಹೀರಾತು, ಆಮೇಲೆ ಆಧಾರ್ ಮತ್ತು ಪ್ಯಾನ್ ತಿದ್ದುಪಡಿ. ದುಡ್ಡು ಹೆಚ್ಚು ಹೋಗಲಿಲ್ಲ, ಸಮಯ ಹೋಯಿತು. ಸೇಲರ್‌ಗಳ ದಾಖಲೆ ನೋಡಿಕೊಳ್ಳುವುದು ಮುಂಬೈನ ಮಾನಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್. ಅಲ್ಲಿ ಏನಾದರೂ ತಿದ್ದಿಸಬೇಕಿದ್ದರೆ ಸರ್ವಿಸ್‌ನಲ್ಲಿ ಇರುವಾಗಲೇ ಯೂನಿಟ್ ಮೂಲಕ ಕಳಿಸಿ. ನಿಮ್ಮ ರೈಟರ್, ಅಂದರೆ ಯೂನಿಟ್ಟಿನ ಗುಮಾಸ್ತ ಪಕ್ಕದಲ್ಲೇ ಕೂತಿರುತ್ತಾನೆ, ಒಂದು ಚಹಾ ಕೊಡಿಸಿದರೆ ಫಾರ್ಮ್ ತಾನೇ ತುಂಬುತ್ತಾನೆ. ಹೊರಗೆ ಬಂದು ಊರಿಂದ ಅದೇ ಕೆಲಸ ಮಾಡಿಸುವುದು ಬೇರೆಯೇ ಕಥೆ.

ಔಟ್‌ರೂಟೀನ್, ಅಂದರೆ ಯೂನಿಟ್ ಬಿಡುವ ಮುಂಚಿನ ಕ್ಲಿಯರೆನ್ಸ್ ಮಾಡುವಾಗ ಎಲ್ಲ ಸೆಕ್ಷನ್ನಿಗೂ ಓಡಿ ಸಹಿ ಹಾಕಿಸುವ ಗಡಿಬಿಡಿಯಲ್ಲಿ ಮೆಡಿಕಲ್ ಕಾಗದ ಮರೆಯಬೇಡಿ. ರಿಲೀಸ್ ಮೆಡಿಕಲ್‌ನ ಪ್ರತಿ, ಕಿವಿ ಪರೀಕ್ಷೆಯ ರಿಪೋರ್ಟ್ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಬುಕ್ ಅಂತೂ ಪ್ರತಿ ಪುಟ ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಮುಂದೆ ಯಾರು ಏನು ಕೇಳಿದರೂ ಕೊನೆಗೆ ಅದೇ ಪುಸ್ತಕಕ್ಕೆ ಬಂದು ನಿಲ್ಲುತ್ತದೆ.

ಪೆನ್ಷನ್ ಈಗ ರಕ್ಷಣಾ ಇಲಾಖೆಯ ಸ್ಪರ್ಶ್ ಪೋರ್ಟಲ್ ಮೂಲಕ ಬರುತ್ತದೆ. ಬ್ಯಾಂಕಿನಲ್ಲಿ ಪೆನ್ಷನ್ ಕೌಂಟರ್ ಹುಡುಕುವ ಕಾಲ ಹೋಯಿತು. ಪಿಪಿಓ, ಅಂದರೆ ಪೆನ್ಷನ್ ಮಂಜೂರಾತಿಯ ಆದೇಶ ಕೂಡ ಆನ್‌ಲೈನ್‌ನಲ್ಲೇ ಸಿಗುತ್ತದೆ. ಲಾಗಿನ್ ವಿವರ ಮೊಬೈಲಿಗೆ ಬರುವುದರಿಂದ ಆ ನಂಬರ್ ಬದಲಾಯಿಸಬೇಡಿ. ನನ್ನ ಜೊತೆಯ ಒಬ್ಬ ರಿಲೀಸ್ ಆದ ಖುಷಿಗೆ ಹೊಸ ಸಿಮ್ ತಗೊಂಡು ಹಳೆಯದು ಬಿಸಾಕಿದ್ದ, ಪಾಪ. ಸೇಲರ್‌ಗೆ 15 ವರ್ಷ ಆದರೆ ಪೆನ್ಷನ್ ಇದೆ, ಕೊನೆಯ ಸಂಬಳದ ಲೆಕ್ಕದಲ್ಲಿ ಅರ್ಧ. ಅದರಲ್ಲಿ ಅರ್ಧದವರೆಗೆ ಕಮ್ಯೂಟ್ ಮಾಡಿ ಒಟ್ಟಿಗೆ ದುಡ್ಡು ತಗೋಬಹುದು, ಕಡಿತ ಆದ ಭಾಗ 15 ವರ್ಷ ಆದ ಮೇಲೆ ಮತ್ತೆ ಶುರುವಾಗುತ್ತದೆ. ನಾನು ಪೂರ್ತಿ ಅರ್ಧ ಕಮ್ಯೂಟ್ ಮಾಡಿದೆ. ಊರಿನ ಮನೆ ರಿಪೇರಿ ಆಗಬೇಕಿತ್ತು. ಹಾಗಾಗಿ ತಿಂಗಳು ತಿಂಗಳು ಬರುವ ಪೆನ್ಷನ್ ಸಣ್ಣದು, ಅದರ ಮೇಲೆ ಬೆಂಗಳೂರಿನ ಬಾಡಿಗೆ ನಿಲ್ಲಲ್ಲ. ಮೊದಲ ಪೆನ್ಷನ್ ಅಕೌಂಟಿಗೆ ಬರುವ ತನಕ ಮನೆ ನಡೆಸಲು ಬೇರೆ ದುಡ್ಡು ಇಟ್ಟುಕೊಂಡಿರಿ. ಗ್ರಾಚುಟಿ, ಫಂಡು ಎಲ್ಲ ಒಂದೇ ದಿನ ಬರಲ್ಲ, ಒಂದೊಂದಾಗಿ ಬರುತ್ತದೆ. ಹೆಂಡತಿ ಆಗ ಪ್ರತಿ ಎಸ್‌ಎಂಎಸ್ ಸದ್ದಿಗೂ ನನ್ನ ಮುಖ ನೋಡುತ್ತಿದ್ದಳು. ಬಹುತೇಕ ಸಲ ಅದು ಮೊಬೈಲ್ ರೀಚಾರ್ಜ್ ಆಫರ್.

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ಗೆ ನಮ್ಮ ರ‍್ಯಾಂಕಿನವರು ಕಟ್ಟಬೇಕಾದದ್ದು 30,000 ರೂಪಾಯಿ. ಒಂದೇ ಸಲ, ಜೀವನಪೂರ್ತಿ. ಅಮ್ಮನನ್ನು ಸೇರಿಸಲು ಅವರ ಆದಾಯ ತಿಂಗಳಿಗೆ 9,000 ಮತ್ತು ಡಿಎ ಮೀರಬಾರದು ಅನ್ನುವ ನಿಯಮ ಇದೆ. ಅದಕ್ಕೆ ನಾಡಕಚೇರಿಯಿಂದ ಆದಾಯ ಪ್ರಮಾಣ ಪತ್ರ ಮಾಡಿಸಿದೆ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿದ್ದೂ ಆಗಲೇ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಖಾಸಗಿ ಕೆಲಸ ಹುಡುಕುವವನಿಗೆ ಆ ಚೀಟಿ ಯಾಕೆ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಕೆಲಸ ಸಿಕ್ಕಿದ ಮೇಲೆ ನನ್ನನ್ನು ಉಳಿಸಿದ ಕಾಗದ ಅದು. ಮುಂದೆ ಹೇಳುತ್ತೇನೆ.

ಈಗ ಕೆಲಸದ ಕಡೆ ಬರೋಣ.

ಈ ಯೋಚನೆ ಬಂದದ್ದು ಸರ್ವಿಸ್‌ನ ಕೊನೆಯ ವರ್ಷದಲ್ಲಿ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮತ್ತು ಭೂದತ್ತಾಂಶದ ನಿಯಮ ಸಡಿಲ ಮಾಡಿತು, ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ಡ್ರೋನ್ ನಿಯಮ ಬಂತು. ಆಮೇಲೆ ಈ ಕ್ಷೇತ್ರದಲ್ಲಿ ಖಾಸಗಿ ಕಂಪನಿಗಳಿಗೆ ದಾರಿ ತೆರೆಯಿತು. ಚಿತ್ರ ತೆಗೆಯುವವರು ಜಾಸ್ತಿ ಆದರೆ ಚಿತ್ರ ಓದುವವರೂ ಬೇಕಲ್ವಾ? ಚುಕ್ಕೆ ನೋಡಿ ಹಡಗು ಹೇಳುವ ಕೆಲಸ ನಾನು ಇಷ್ಟು ವರ್ಷ ಮಾಡಿದ್ದೇನೆ, ಇದೂ ಅದೇ ತಾನೇ ಅಂತ ಧೈರ್ಯ ಬಂತು.

ಸರ್ವಿಸ್ ಬಿಡುವವರನ್ನು ಹೊಸ ಕೆಲಸಕ್ಕೆ ತಯಾರು ಮಾಡುವ ಡೈರೆಕ್ಟೊರೇಟ್ ಜನರಲ್ ರೀಸೆಟಲ್‌ಮೆಂಟ್, ಅಂದರೆ ಡಿಜಿಆರ್ ನಡೆಸುವ ಕೋರ್ಸ್‌ಗಳಿಗೆ ಸೇಲರ್‌ಗಳು ಫೀ ಕಟ್ಟಬೇಕಿಲ್ಲ. ಪಟ್ಟಿ ನೋಡಿ, ಕಂಪ್ಯೂಟರ್‌ನಲ್ಲಿ ಡೇಟಾ ಕೆಲಸ ಕಲಿಸುವ ಒಂದು ಕೋರ್ಸ್ ಆರಿಸಿಕೊಂಡೆ. ಅದರಿಂದ ಎಕ್ಸೆಲ್ ಬಂತು, ಸ್ವಲ್ಪ ಪೈಥಾನ್ ಬಂತು. ಚಿತ್ರ ಓದುವುದು ಬರಲಿಲ್ಲ. ಅದನ್ನು ಕಲಿಸಿದ್ದು ಡೆಹ್ರಾಡೂನ್‌ನಲ್ಲಿರುವ ಇಸ್ರೋದ ಸಂಸ್ಥೆ ಐಐಆರ್‌ಎಸ್. ಅವರು ಆನ್‌ಲೈನ್‌ನಲ್ಲಿ ರಿಮೋಟ್ ಸೆನ್ಸಿಂಗ್ ಪಾಠ ಉಚಿತವಾಗಿ ಮಾಡುತ್ತಾರೆ, ಹಾಜರಿ ಸರಿ ಇದ್ದರೆ ಸರ್ಟಿಫಿಕೇಟ್ ಕೊಡುತ್ತಾರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಯಾರಾದರೂ ಇದೇ ವಿಷಯಕ್ಕೆ ಐವತ್ತು ಸಾವಿರ ಕೇಳಿದರೆ, ಮೊದಲು ಇದನ್ನು ಮುಗಿಸಿ ಆಮೇಲೆ ಯೋಚನೆ ಮಾಡಿ.

ಲ್ಯಾಪ್‌ಟಾಪಿಗೆ ಮಾತ್ರ ದುಡ್ಡು ಹಾಕಲೇಬೇಕು. ನನ್ನದು ಸುಮಾರು 70 ಸಾವಿರ ಆಯ್ತು. 16 ಜಿಬಿ ರ‍್ಯಾಮ್‌ಗಿಂತ ಕಡಿಮೆ ತಗೋಬೇಡಿ. ಸಾಫ್ಟ್‌ವೇರ್ ಎಲ್ಲ ಪುಕ್ಕಟೆ: ನಕ್ಷೆಗೆ ಕ್ಯೂಜಿಐಎಸ್, ರೇಡಾರ್ ಚಿತ್ರಕ್ಕೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಸ್ನಾಪ್. ಚಿತ್ರಗಳೂ ಪುಕ್ಕಟೆ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. 180 ಮೀಟರ್ ಉದ್ದದ ಹಡಗು ಅದರಲ್ಲಿ 18 ಚುಕ್ಕೆ, ಅಷ್ಟೇ. ನಮ್ಮ ಇಸ್ರೋದ ಕಾರ್ಟೋಸ್ಯಾಟ್-3 ಇದೆಯಲ್ಲ, 2019ರ ನವೆಂಬರ್‌ನಲ್ಲಿ ಹಾರಿದ್ದು, ಅದರದ್ದು 25 ಸೆಂಟಿಮೀಟರ್. ಆದರೆ ಅಂಥ ಚಿತ್ರ ಸುಮ್ನೆ ಡೌನ್‌ಲೋಡ್ ಮಾಡಕ್ಕೆ ಸಿಗಲ್ಲ. ಕಲಿಯುವವರಿಗೆ 10 ಮೀಟರ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ವಿವರ ಕಡಿಮೆ ಇದ್ದಾಗ ಕಣ್ಣು ಸುತ್ತಮುತ್ತ ನೋಡುವುದನ್ನು ಕಲಿಯುತ್ತದೆ.

ಊರಲ್ಲಿ ನೆಟ್ ನಿಧಾನ, ಒಂದೊಂದು ಫೈಲ್ ಒಂದು ಜಿಬಿ ಹತ್ತಿರ. ರಾತ್ರಿ ಡೌನ್‌ಲೋಡ್ ಹಾಕಿ ಮಲಗುತ್ತಿದ್ದೆ. ಬೆಳಿಗ್ಗೆ ಅಮ್ಮ "ಏನಪಾ, ದುಡಿಮಿ ಇಲ್ಲೇನ್ ನಿನಗ, ಮೂರೂ ಹೊತ್ತು ಸಮುದ್ರದ ಫೋಟೋ ನೋಡ್ಕೋಂತ ಕುಂದರ್ತಿ, ಬಿಟ್ಟು ಬಂದಿ ಹೌದಿಲ್ಲೋ ಅದನ್ನ?" ಅಂತ ಕೇಳುತ್ತಿದ್ದರು. ಉತ್ತರ ಇರಲಿಲ್ಲ.

ಡ್ರೋನ್ ಪೈಲಟ್ ಲೈಸೆನ್ಸ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹತ್ತನೇ ತರಗತಿ ಪಾಸಾಗಿ 18ರಿಂದ 65 ವರ್ಷದೊಳಗಿನ ಯಾರು ಬೇಕಾದರೂ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಒಪ್ಪಿದ ತರಬೇತಿ ಸಂಸ್ಥೆಯಲ್ಲಿ ಕಲಿತು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆಯಬಹುದು. ಹಾರಿಸುವ ಕೆಲಸ ಬೇಕು ಅನ್ನುವವರು ಮಾಡಿ. ಓದುವ ಕೆಲಸಕ್ಕೆ ಅದು ಬೇಡ. ನನ್ನ ಬ್ಯಾಚ್‌ಮೇಟ್ ಒಬ್ಬ ಮಾಡಿಕೊಂಡು ಈಗ ಹೊಲಗಳಿಗೆ ಔಷಧಿ ಸಿಂಪಡಿಸುತ್ತಿದ್ದಾನೆ, ಚೆನ್ನಾಗೇ ದುಡಿಯುತ್ತಿದ್ದಾನೆ. ಅವನ ದಾರಿ ಬೇರೆ.

ಅರ್ಜಿ ಹಾಕುವ ಹಂತ ಮನಸ್ಸಿಗೆ ತುಂಬಾ ಹಿಂಸೆ ಕೊಟ್ಟಿತು. ಸರ್ವಿಸ್‌ನಲ್ಲಿ ಯಾರೂ ನಿಮಗೆ ಉತ್ತರ ಕೊಡದೆ ಇರಲ್ಲ. ಬೈಗುಳನಾದರೂ ಬರುತ್ತದೆ. ಇಲ್ಲಿ ಏನೂ ಬರಲ್ಲ. ಕಂಪನಿಯ ಪೋರ್ಟಲ್‌ಗೆ ರೆಸ್ಯೂಮೆ ಹಾಕಿದರೆ ಮುಗಿಯಿತು. ಎಷ್ಟೋ ಕಡೆ ಪದವಿಯ ಕಾಲಂನಲ್ಲೇ ಬಾಗಿಲು ಮುಚ್ಚುತ್ತದೆ. ಇಲ್ಲೊಂದು ವಿಷಯ ಗಮನಿಸಿ. ಹತ್ತನೇ ತರಗತಿ ಮುಗಿಸಿ 15 ವರ್ಷ ಸೇವೆ ಮಾಡಿದವರನ್ನು ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮ ಅಂತ ಪರಿಗಣಿಸುತ್ತಾರೆ, ಅದಕ್ಕೆ ಸರ್ಟಿಫಿಕೇಟ್ ಕೂಡ ಕೊಡುತ್ತಾರೆ. ಸರ್ಕಾರಿ ಅರ್ಜಿಗೆ ಅದು ನಡೆಯುತ್ತದೆ. ಖಾಸಗಿ ಕಂಪನಿಯ ಎಚ್‌ಆರ್‌ಗೆ ಅದನ್ನು ತೋರಿಸಿದರೆ ತಿರುಗಿಸಿ ಮುರುಗಿಸಿ ನೋಡಿ "ಯಾವ ಯೂನಿವರ್ಸಿಟಿ ಸರ್?" ಅನ್ನುತ್ತಾರೆ. ನಾನು ಇಗ್ನೋದಲ್ಲಿ ಬಿಎ ಮುಗಿಸಿದ್ದರಿಂದ ಬಚಾವಾದೆ. ಕೊನೆಯ ಪೇಪರ್‌ಗಳನ್ನು ಕಾರವಾರದಲ್ಲಿದ್ದಾಗ ಬರೆದಿದ್ದೆ, ಡ್ಯೂಟಿ ಬದಲಾಯಿಸಿಕೊಂಡು. ಸರ್ವಿಸ್‌ನಲ್ಲಿ ಇರುವ ತಮ್ಮಂದಿರೇ, ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ರೆಸ್ಯೂಮೆಯಲ್ಲಿ ಏನು ಬರೆಯಬೇಕು ಅನ್ನುವುದೂ ದೊಡ್ಡ ತಲೆನೋವು. ಬರೆದರೆ 1923ರ ಅಫಿಷಿಯಲ್ ಸೀಕ್ರೆಟ್ಸ್ ಆ್ಯಕ್ಟ್ ನೆನಪಾಗುತ್ತದೆ, ಬರೆಯದಿದ್ದರೆ ಪುಟ ಖಾಲಿ. ಸರ್ವಿಸ್ ಬಿಟ್ಟರೂ ಆ ಕಾಯ್ದೆ ನಮ್ಮನ್ನು ಬಿಡಲ್ಲ. ನಾನು ಕೇಳಿದ್ದು ಹಳೆಯ ಮಾಸ್ಟರ್ ಚೀಫ್, ಅಂದರೆ ಹಿರಿಯ ಸೇಲರ್ ಒಬ್ಬರನ್ನು. ಅವರು ಹೇಳಿದ್ದು ಸರಳ: "ಕೆಲಸ ಬರಿ, ಸಾಮಾನು ಬರೀಬೇಡ." ಅಂದರೆ ಸಮುದ್ರ ಸಂಚಾರದ ಮೇಲೆ ನಿಗಾ, ಗುರುತಿಸುವುದು, ವರದಿ, ಕಿರಿಯರಿಗೆ ತರಬೇತಿ, ರಾತ್ರಿ ಪಾಳಿಯ ಹೊಣೆ ಇಷ್ಟು ಬರೆಯಬಹುದು. ಯಾವ ರೇಡಾರ್, ಎಷ್ಟು ದೂರ ಕಾಣುತ್ತದೆ, ಯಾವ ಹಡಗು ಎಲ್ಲಿಗೆ ಹೋಗಿತ್ತು, ಇವು ಬೇಡವೇ ಬೇಡ. ಒಂದು ಇಂಟರ್‌ವ್ಯೂನಲ್ಲಿ ಒಬ್ಬರು ನೇರವಾಗಿ ರೇಂಜ್ ಎಷ್ಟು ಅಂತ ಕೇಳಿದರು. "ಸರ್, ಅದನ್ನು ಹೇಳಲು ಬರಲ್ಲ" ಅಂದೆ. ಅವರು ಏನೂ ಅನ್ನದೆ ಮುಂದಿನ ಪ್ರಶ್ನೆಗೆ ಹೋದರು. ಬೇಕಂತಲೇ ಕೇಳಿದ್ದರೋ ಏನೋ, ಇವತ್ತಿಗೂ ಗೊತ್ತಿಲ್ಲ.

ಲಿಂಕ್ಡ್‌ಇನ್‌ನಲ್ಲಿ 'ನೇವಿ' ಅಂತ ಹಾಕಿದ ಕೂಡಲೇ ಬರುವ ಮೆಸೇಜುಗಳ ಬಗ್ಗೆಯೂ ಹೇಳಬೇಕು. ಹೊರದೇಶದ ಯಾವುದೋ ಕನ್ಸಲ್ಟೆನ್ಸಿ, ಚಂದದ ಫೋಟೋ, ಎರಡು ಪುಟದ ಲೇಖನ ಬರೆದುಕೊಟ್ಟರೆ ಡಾಲರ್‌ನಲ್ಲಿ ದುಡ್ಡು. ಬ್ಲಾಕ್ ಮಾಡಿ. 2019ರ ಡಿಸೆಂಬರ್‌ನಲ್ಲಿ ಬೇಹುಗಾರಿಕೆ ಪ್ರಕರಣದಲ್ಲಿ ನೇವಿಯ ಹುಡುಗರು ಸಿಕ್ಕಿಬಿದ್ದ ಮೇಲೆ ಹಡಗಿನಲ್ಲಿ, ಬೇಸ್‌ನಲ್ಲಿ ಸ್ಮಾರ್ಟ್‌ಫೋನ್, ಫೇಸ್‌ಬುಕ್ ಎಲ್ಲ ಬಂದ್ ಆದದ್ದು ನಿಮಗೆಲ್ಲ ನೆನಪಿರಬೇಕು. ಅಲ್ಲೂ ಶುರುವಾಗಿದ್ದು ಆನ್‌ಲೈನ್ ಸ್ನೇಹದಿಂದಲೇ. ಕೆಲಸ ಇಲ್ಲದೆ ಮನೆಯಲ್ಲಿ ಕೂತಿರುವಾಗ ಇಂಥ ಮೆಸೇಜ್ ಬಹಳ ಮರ್ಯಾದೆಯಿಂದ ಮಾತಾಡುತ್ತದೆ, ಅದೇ ಅಪಾಯ.

ಕೊನೆಗೆ ಕರೆ ಬಂದದ್ದು ಬೆಂಗಳೂರಿನ ಒಂದು ಸಣ್ಣ ಕಂಪನಿಯಿಂದ. ಹೆಸರು ಬೇಡ. ಕೆಲಸ ಬಂದರು, ಕರಾವಳಿ, ತೈಲ ಸಂಗ್ರಹ, ಪ್ರವಾಹ ಈ ತರಹದ್ದು. ಪರೀಕ್ಷೆಗೆ ಕೂರಿಸಿದವರು ನನಗಿಂತ ಎಷ್ಟೋ ಚಿಕ್ಕ ವಯಸ್ಸಿನ ಹುಡುಗಿ. ಈಗ ಅವರೇ ನಮ್ಮ ಟೀಮ್ ಲೀಡ್. ನಾನು ಅಭ್ಯಾಸಬಲದಿಂದ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದೆ. "ಅಯ್ಯೋ ಸರ್, ಕೂತ್ಕೊಳಿ ಸರ್" ಅಂತ ಅವರೂ ಎದ್ದರು. ಇಬ್ಬರೂ ನಿಂತೇ ಇದ್ದೆವು ಸ್ವಲ್ಪ ಹೊತ್ತು.

ಮೊದಲ ಚಿತ್ರ ಒಂದು ಬಂದರಿನದು, ಒಂದು ಚುಕ್ಕೆಗೆ ಅರ್ಧ ಮೀಟರ್. ಜೆಟ್ಟಿಯಲ್ಲಿ ಒಂದು ಹಡಗು. ಯಾವುದು, ಏನು ಮಾಡುತ್ತಿದೆ, ಬರೆಯಿರಿ ಅಂದರು. ಉದ್ದ ಅಳೆದೆ: 366 ಚುಕ್ಕೆ, ಅಂದರೆ 183 ಮೀಟರ್. ಮನೆಯಂತಿರುವ ಅಕಾಮಡೇಷನ್ ಬ್ಲಾಕ್ ಹಿಂದೆ. ಡೆಕ್ ಮೇಲೆ ಸಾಲಾಗಿ ಹ್ಯಾಚ್ ಮುಚ್ಚಳ ಇದ್ದರೆ ಬಲ್ಕ್ ಕ್ಯಾರಿಯರ್, ಅಂದರೆ ಕಲ್ಲಿದ್ದಲು, ಅದಿರಿನಂಥ ಬಿಡಿ ಸರಕಿನ ಹಡಗು, ಅದು ಇರಲಿಲ್ಲ. ಬದಲಿಗೆ ನಟ್ಟನಡುವೆ ಮುಂದಿನಿಂದ ಹಿಂದಕ್ಕೆ ಪೈಪುಗಳು, ಮಧ್ಯದಲ್ಲಿ ಅಡ್ಡಕ್ಕೆ ಮ್ಯಾನಿಫೋಲ್ಡ್, ಅಂದರೆ ದಡದ ಪೈಪು ಜೋಡಿಸುವ ಜಾಗ. ಟ್ಯಾಂಕರ್. ಚಿತ್ರ ನೇರ ಮೇಲಿಂದ ಅಲ್ಲ, ಸ್ವಲ್ಪ ಓರೆಯಾಗಿ ತೆಗೆದದ್ದು. ಹಾಗಾಗಿ ಹಡಗಿನ ಒಂದು ಬದಿ ತೆಳುವಾಗಿ ಕಾಣುತ್ತಿತ್ತು. ಅಲ್ಲಿ ನೀರಿನ ಮೇಲೆ ಕೆಂಪು ಬಣ್ಣದ ಪಟ್ಟಿ. ಹಡಗಿನ ಕೆಳಭಾಗಕ್ಕೆ ಪಾಚಿ ಹಿಡಿಯದಿರಲಿ ಅಂತ ಬಳಿಯುವ ಬಣ್ಣ ಅದು, ತುಂಬಿದ ಹಡಗಿನಲ್ಲಿ ನೀರೊಳಗೆ ಇರಬೇಕು. ಹೊರಗೆ ಅಷ್ಟು ಕಾಣುತ್ತಿದೆ ಅಂದರೆ ಹಡಗು ಖಾಲಿ, ಇಲ್ಲವೇ ಬಹುಪಾಲು ಖಾಲಿ. ಡ್ರೈ ಡಾಕ್‌ನಲ್ಲಿ ಹಡಗಿನ ಹೊಟ್ಟೆ ಕೆರೆದು ಬಣ್ಣ ಬಳಿದವನಿಗೆ ಇದು ಹೇಳಿಕೊಡಬೇಕಾ?

ಆದರೆ ನಾನು ಬರೆದದ್ದು "ಪ್ರಾಡಕ್ಟ್ ಟ್ಯಾಂಕರ್ (ಪೆಟ್ರೋಲ್, ಡೀಸೆಲ್ ಸಾಗಿಸುವುದು), ಖಾಲಿ" ಅಂತ ಎರಡೇ ಮಾತು. ಆಪ್ಸ್ ರೂಮಿನಲ್ಲಿ ಅಷ್ಟೇ ಬೇಕಿರುವುದು. ಅಲ್ಲಿ ಯಾರಿಗೂ ಕಥೆ ಕೇಳಲು ಪುರುಸೊತ್ತಿಲ್ಲ. ಅವರು ಕಾಗದ ವಾಪಸ್ ಕೊಟ್ಟು "ಸರಿ ಇದೆ ಸರ್. ಆದ್ರೆ ಹೇಗೆ ಗೊತ್ತಾಯ್ತು ಅಂತ ಬರೀರಿ. ಎಷ್ಟು ಗ್ಯಾರಂಟಿ ಅಂತಾನೂ ಬರೀರಿ" ಅಂದರು. ಈ ಕೆಲಸದ ತಿರುಳು ಇದೇ ಅಂತ ಈಗ ಅನ್ನಿಸುತ್ತದೆ. ಕಣ್ಣಿಗೆ ಕಂಡದ್ದು ಬೇರೆ, ಅದರಿಂದ ನಾನು ಊಹಿಸಿದ್ದು ಬೇರೆ, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಇಡಬೇಕು. ಟ್ಯಾಂಕರ್ ಅನ್ನುವುದು ಕನ್‌ಫರ್ಮ್ಡ್, ಯಾಕಂದರೆ ಪೈಪು ಕಾಣುತ್ತಿದೆ. ಖಾಲಿ ಅನ್ನುವುದು ಪ್ರಾಬಬಲ್. ಸರಕು ಇಳಿಸಿ ಈಗಷ್ಟೇ ಮುಗಿದಿದೆ ಅನ್ನುವುದು ಬರೀ ಪಾಸಿಬಲ್, ಯಾಕಂದರೆ ಖಾಲಿಯಾಗಿ ತುಂಬಿಸಿಕೊಳ್ಳಲೂ ಬಂದಿರಬಹುದು. ಓದುವವರು ಆ ಒಂದು ಪದದ ಮೇಲೆ ದುಡ್ಡು ಹಾಕುತ್ತಾರೆ, ಕೆಲವು ಸಲ ಜನರನ್ನೂ ಕಳಿಸುತ್ತಾರೆ.

ಎರಡನೆಯದು ಸಾರ್ ಚಿತ್ರ, ಅಂದರೆ ರೇಡಾರ್ ಉಪಗ್ರಹದ್ದು. ಕಪ್ಪು ಹಲಗೆ ಮೇಲೆ ಉಪ್ಪು ಚೆಲ್ಲಿದ ಹಾಗೆ ಇರುತ್ತದೆ, ಮೊದಲ ಸಲ ನೋಡಿದವರಿಗೆ ತಲೆಬುಡ ಗೊತ್ತಾಗಲ್ಲ. ಅದರಲ್ಲಿ ಸಮುದ್ರದ ಮೇಲೆ ಹೊಳೆಯುವ ಒಂದು ಚುಕ್ಕೆ, ಅದರಿಂದ ದೂರದಲ್ಲಿ ಹಡಗು ಹೋದ ನೀರಿನ ಜಾಡು. ಹಡಗು ತನ್ನ ಜಾಡಿನ ಮೇಲೆ ಇಲ್ಲವೇ ಇಲ್ಲ! ನನ್ನ ಜೊತೆ ಪರೀಕ್ಷೆಗೆ ಕೂತಿದ್ದ ಹುಡುಗ ಎರಡು ಹಡಗು ಅಂತ ಬರೆದಿದ್ದ, ಆಮೇಲೆ ಅವನೇ ಹೇಳಿದ. ನಿಜ ಏನಂದರೆ ಚಲಿಸುವ ವಸ್ತುವಿನಿಂದ ವಾಪಸ್ ಬರುವ ರೇಡಾರ್ ಅಲೆಯ ಡಾಪ್ಲರ್, ಅಂದರೆ ಚಲನೆಯಿಂದಾಗುವ ಕಂಪನಾಂಕದ ವ್ಯತ್ಯಾಸ ಬದಲಾಗುತ್ತದೆ, ಅದರಿಂದ ಚಿತ್ರದಲ್ಲಿ ಆ ವಸ್ತು ಪಕ್ಕಕ್ಕೆ ಸರಿದು ಬೀಳುತ್ತದೆ. ಜಾಡು ಮಾತ್ರ ಇದ್ದಲ್ಲೇ ಇರುತ್ತದೆ. ಇವೆರಡರ ನಡುವಿನ ಅಂತರದಿಂದ ಹಡಗಿನ ವೇಗವನ್ನೇ ಅಂದಾಜು ಮಾಡಬಹುದು. ಡಾಪ್ಲರ್ ನಮ್ಮ ಬ್ರಾಂಚಿನವರಿಗೆ ಹೊಸದಲ್ಲ. ಈ ಪ್ರಶ್ನೆಯೇ ನನ್ನನ್ನು ದಡ ಹತ್ತಿಸಿತು ಅಂತ ಆಮೇಲೆ ಗೊತ್ತಾಯಿತು.

ಆಯ್ಕೆ ಆಯ್ತು ಅಂತ ಫೋನ್ ಬಂತು. ಹೆಂಡತಿ ಸಿಹಿ ಮಾಡಿದಳು. ನಿಜವಾದ ಕಾಯುವಿಕೆ ಶುರುವಾಗಿದ್ದು ಅಲ್ಲಿಂದ.

ಕಂಪನಿಗಳು ಸೇರುವವರ ಹಿನ್ನೆಲೆ ಪರಿಶೀಲನೆಯನ್ನು ಬೇರೆ ಏಜೆನ್ಸಿಗೆ ಕೊಡುತ್ತವೆ. ಆ ಏಜೆನ್ಸಿಯ ಆನ್‌ಲೈನ್ ಫಾರ್ಮ್ ಕೇಳುವುದು: ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್, ಎಚ್‌ಆರ್ ಮೇಲ್ ಐಡಿ, ಪಿಎಫ್‌ನ ಯುಎಎನ್ ನಂಬರ್. ನೇವಿಯಲ್ಲಿ ಪಿಎಫ್, ಕಂಪನಿ ನೌಕರರ ಪಿಎಫ್ ನೋಡುವ ಇಪಿಎಫ್‌ಓ ಕೆಳಗೆ ಬರಲ್ಲ, ಹಾಗಾಗಿ ಯುಎಎನ್ ಇರಲ್ಲ. ಅದು ತುಂಬದೆ ಫಾರ್ಮ್ ಮುಂದಕ್ಕೆ ಹೋಗಲ್ಲ. ಫೋನ್ ಮಾಡಿದರೆ ಎತ್ತುವ ಹುಡುಗ ಪ್ರತಿ ಸಲ ಬೇರೆ. "ಸರ್, ನಿಮ್ಮ ಮ್ಯಾನೇಜರ್ ನಂಬರ್ ಕೊಡಿ" ಅಂತ ಒಬ್ಬ. ಇನ್ನೊಬ್ಬ "ಸಿಸ್ಟಂನಲ್ಲಿ ನಿಮ್ದು 15 ವರ್ಷ ಗ್ಯಾಪ್ ತೋರಿಸ್ತಿದೆ ಸರ್" ಅಂದ. ಹದಿನೈದು ವರ್ಷ ಗ್ಯಾಪ್! ಸಿಟ್ಟು ಬಂತು, ಆಮೇಲೆ ನಗು ಬಂತು, ರಾತ್ರಿ ನಿದ್ದೆ ಬರಲಿಲ್ಲ. ಆಫರ್ ಲೆಟರ್‌ನಲ್ಲಿ ಸೇರುವ ದಿನಾಂಕ ಇತ್ತು, ಅದು ದಾಟಿ ಹೋಯಿತು. ಮಗಳ ಶಾಲೆಗೆ ಬೆಂಗಳೂರಿನಲ್ಲಿ ಫೀ ಕಟ್ಟಿ ಆಗಿತ್ತು, ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟಾಗಿತ್ತು.

ಬಿಡಿಸಿದ್ದು ಹೀಗೆ. ಡಿಸ್ಚಾರ್ಜ್ ಬುಕ್ಕಿನ ಸ್ಕ್ಯಾನ್, ಪಿಪಿಓ ಪ್ರತಿ, ಮಾಜಿ ಸೈನಿಕರ ಗುರುತಿನ ಚೀಟಿ, ಇವು ಮೂರನ್ನೂ ಒಂದೇ ಪಿಡಿಎಫ್ ಮಾಡಿದೆ. ಜಿಲ್ಲೆಯ ಸೈನಿಕ ಕಚೇರಿಗೆ ಹೋಗಿ, ಇವರು ಇಂಥ ದಿನದಿಂದ ಇಂಥ ದಿನದವರೆಗೆ ಸೇವೆಯಲ್ಲಿದ್ದರು, ನಮ್ಮಲ್ಲಿ ನೋಂದಣಿ ಆಗಿದೆ ಅಂತ ಒಂದು ಪತ್ರ ಕೇಳಿದೆ. ಅಲ್ಲಿದ್ದವರು ನಿವೃತ್ತ ಸೈನಿಕರೇ, ಕಷ್ಟ ಅರ್ಥ ಮಾಡಿಕೊಂಡು ಕೊಟ್ಟರು. ಯುಎಎನ್ ಕಾಲಂ ಬಗ್ಗೆ ಏಜೆನ್ಸಿಗೆ ಬರೆಯುವುದು ಬಿಟ್ಟು ಕಂಪನಿಯ ಎಚ್‌ಆರ್‌ಗೇ ಮೇಲ್ ಹಾಕಿದೆ: ರಕ್ಷಣಾ ಪಡೆಯವರಿಗೆ ಇಪಿಎಫ್ ಇರುವುದಿಲ್ಲ, ಪರ್ಯಾಯ ದಾಖಲೆ ಲಗತ್ತಿಸಿದ್ದೇನೆ, ಏಜೆನ್ಸಿಗೆ ನೀವೇ ಸೂಚಿಸಿ. ಗಂಟು ಬಿಚ್ಚಿದ್ದು ಆ ಮೇಲ್. ಏಜೆನ್ಸಿ ನಿಮ್ಮ ಮಾತು ಕೇಳಲ್ಲ, ದುಡ್ಡು ಕೊಡುವ ಕಂಪನಿಯ ಮಾತು ಕೇಳುತ್ತದೆ. ಪೊಲೀಸ್ ಪರಿಶೀಲನೆಯ ಪತ್ರವನ್ನು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಮಾಡಿಸಿದೆ. ಅದು ತೊಂದರೆ ಕೊಡಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಮೊದಲು ಕೊಟ್ಟಿದ್ದು ತೈಲ ಟ್ಯಾಂಕ್‌ಗಳು. ದೊಡ್ಡ ಕಚ್ಚಾತೈಲ ಟ್ಯಾಂಕ್‌ಗಳ ಮುಚ್ಚಳ ತೈಲದ ಮೇಲೆ ತೇಲುತ್ತಿರುತ್ತದೆ. ತೈಲ ಇಳಿದರೆ ಮುಚ್ಚಳವೂ ಇಳಿಯುತ್ತದೆ, ಆಗ ಟ್ಯಾಂಕಿನ ಗೋಡೆಯ ನೆರಳು ಒಳಗೆ ಮುಚ್ಚಳದ ಮೇಲೆ ಚಂದ್ರನ ಕೋರೆಯ ಆಕಾರದಲ್ಲಿ ಬೀಳುತ್ತದೆ. ಕೋರೆ ದಪ್ಪಗಿದ್ದರೆ ಟ್ಯಾಂಕ್ ಖಾಲಿ, ತೆಳ್ಳಗಿದ್ದರೆ ತುಂಬಿದೆ. ಒಳಗಿನ ನೆರಳನ್ನು ಹೊರಗಿನ ನೆರಳಿನ ಜೊತೆ ಹೋಲಿಸಿ ಎಷ್ಟು ಪಾಲು ಇದೆ ಅಂತ ಲೆಕ್ಕ ಹಾಕುವುದು. ದಿನವಿಡೀ ಅದೇ. ಸಂಜೆ ಮನೆಗೆ ಬಂದರೆ ಸಿಂಟೆಕ್ಸ್ ಟ್ಯಾಂಕಿನ ನೆರಳೂ ಅಳೆಯುವ ಹಾಗಾಗಿತ್ತು.

ಆಗ ಟೀಮ್ ಲೀಡ್ ಓದಲು ಕೊಟ್ಟದ್ದು ಆರ್ಥರ್ ಲುಂಡಾಲ್ ಅನ್ನುವವರ ಬಗ್ಗೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೇವಿಯಲ್ಲಿ ಫೋಟೋ ಓದುತ್ತಿದ್ದವರು, ಆಮೇಲೆ ಸಿಐಎದ ಫೋಟೋ ಕೇಂದ್ರದ ಮುಖ್ಯಸ್ಥರು. 1962ರ ಅಕ್ಟೋಬರ್ 14ರಂದು ಯು-2 ವಿಮಾನ ಕ್ಯೂಬಾ ಮೇಲೆ ತೆಗೆದ ಚಿತ್ರಗಳಲ್ಲಿ ಅವರ ಜನ ಉದ್ದನೆಯ ವಸ್ತುಗಳನ್ನು ಅಳೆದು, ಮಾಸ್ಕೋ ಮೆರವಣಿಗೆಯ ಫೋಟೋಗಳ ಜೊತೆ ತಾಳೆ ನೋಡಿ, ಸೋವಿಯತ್ ಕ್ಷಿಪಣಿ ಅಂತ ಹೇಳಿದರು. 16ರ ಬೆಳಿಗ್ಗೆ ಅದು ಅಮೆರಿಕದ ಅಧ್ಯಕ್ಷ ಕೆನಡಿ ಮುಂದೆ ಇತ್ತು. ಅವರೂ ಮಾಡಿದ್ದು ಉದ್ದ ಅಳೆಯುವ ಕೆಲಸವೇ ಅಂತ ಓದಿ, ಮರುದಿನ ಟ್ಯಾಂಕ್ ಅಳೆಯುವಾಗ ಬೇಜಾರು ಸ್ವಲ್ಪ ಕಡಿಮೆ ಆಯ್ತು.

ಈ ಕೆಲಸದ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಕಣ್ಣು ಉರಿಯುತ್ತದೆ, ಕುತ್ತಿಗೆ ಹಿಡಿಯುತ್ತದೆ. ವರದಿ ಎಲ್ಲ ಇಂಗ್ಲಿಷ್‌ನಲ್ಲಿ. ಮಾತಾಡುವ ಇಂಗ್ಲಿಷ್ ಸಾಲಲ್ಲ, ಬರೆಯುವುದು ಬೇಕು. ಊರಲ್ಲಿದ್ದಾಗಲೇ ದಿನಕ್ಕೊಂದು ಚಿತ್ರ ತಗೊಂಡು ಅರ್ಧ ಪುಟ ಬರೆಯುವ ಅಭ್ಯಾಸ ಮಾಡಿದ್ದು ಉಪಯೋಗಕ್ಕೆ ಬಂತು, ನೀವೂ ಮಾಡಿ. ಸಂಬಳ ಸರ್ವಿಸ್‌ನಲ್ಲಿ ಕೈಗೆ ಬರುತ್ತಿದ್ದದ್ದಕ್ಕಿಂತ ಕಡಿಮೆ. ಪೆನ್ಷನ್ ಸೇರಿಸಿದರೆ ಹೆಚ್ಚುಕಡಿಮೆ ಸಮ ಆಗುತ್ತದೆ, ಆದರೆ ಕ್ವಾರ್ಟರ್ಸ್ ಇಲ್ಲ, ರೇಷನ್ ಇಲ್ಲ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಕ್ಯಾಂಟೀನ್ ಕಾರ್ಡ್ ಇರುವುದೇ ದೊಡ್ಡ ಸಮಾಧಾನ.

ಕೊನೆಯದಾಗಿ ಟ್ಯಾಕ್ಸ್. ಕಮ್ಯೂಟ್ ಮಾಡಿ ತಗೊಂಡ ದುಡ್ಡಿಗೆ ಮತ್ತು ಗ್ರಾಚುಟಿಗೆ ನಮಗೆ ತೆರಿಗೆ ಇಲ್ಲ. ಆದರೆ ತಿಂಗಳು ತಿಂಗಳು ಬರುವ ಪೆನ್ಷನ್ ಆದಾಯವೇ. ಹೊಸ ಕಂಪನಿಗೆ ಸೇರಿದ ಕೂಡಲೇ ಪೆನ್ಷನ್ ಎಷ್ಟು ಬರುತ್ತದೆ ಅಂತ ಅವರ ಅಕೌಂಟ್ಸ್‌ಗೆ ಬರೆದುಕೊಡಿ. ಇಲ್ಲದಿದ್ದರೆ ಎರಡು ಕಡೆಯವರೂ ತಮ್ಮ ತಮ್ಮ ಭಾಗ ಮಾತ್ರ ಲೆಕ್ಕ ಹಾಕಿ ಕಡಿಮೆ ಕಡಿತ ಮಾಡುತ್ತಾರೆ, ಜುಲೈನಲ್ಲಿ ರಿಟರ್ನ್ ಹಾಕುವಾಗ ಒಟ್ಟಿಗೆ ಕಟ್ಟಬೇಕಾಗುತ್ತದೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಡುವುದನ್ನು ಫೋನಿನಲ್ಲಿ ರಿಮೈಂಡರ್ ಹಾಕಿ ಇಡಿ, ಮುಖ ತೋರಿಸಿದರೆ ಮೊಬೈಲ್‌ನಲ್ಲೇ ಆಗುತ್ತದೆ. ನನ್ನದು ಇನ್ನೂ ಬಾಕಿ ಇರುವುದು ಅಮ್ಮನ ಇಸಿಎಚ್‌ಎಸ್ ಕಾರ್ಡ್ ಒಂದೇ. ಆಧಾರ್‌ನಲ್ಲಿ ಅವರ ಹುಟ್ಟಿದ ದಿನಾಂಕ ಬರೀ ವರ್ಷ ಇದೆ, ತಾರೀಖು ಇಲ್ಲ. ಅದನ್ನು ಸರಿಮಾಡಿಸಲು ಬರುವ ಶನಿವಾರ ಊರಿಗೆ ಹೊರಟಿದ್ದೇನೆ.